ಒಂದು ಇಂಚು ಒಂದು ಸೂತ

ಪುಣೆಯಲ್ಲಿ ಕೋಹ್ಲರ್ ಎಂದರೆ ನಲ್ಲಿ. ಬಾಣೇರಿನಿಂದ ಹಡಪಸರದವರೆಗೆ ಯಾವ ದೊಡ್ಡ ಸ್ಯಾನಿಟರಿ ಅಂಗಡಿಗೆ ಹೋದರೂ ಆ ಹೆಸರಿನ ವಾಶ್‌ಬೇಸಿನ್ನು, ಶವರು, ಕಮೋಡುಗಳು ದೀಪದ ಕೆಳಗೆ ಹೊಳೆಯುತ್ತ ಕೂತಿರುತ್ತವೆ. ‘ಇವರದೇ ಎಂಜಿನ್ ಎಲ್ಲಾದರೂ ಸಿಗುತ್ತದೆಯೇ?’ ಎಂದು ಕೇಳಿದರೆ ಅಂಗಡಿಯ ಹುಡುಗರು ಮೊದಲು ನನ್ನನ್ನು, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರ ತಪ್ಪೇನೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1873ರಲ್ಲಿ ಹುಟ್ಟಿದ ಆ ಕಂಪನಿ ರೈತರಿಗೆ ಕಬ್ಬಿಣದ ಸಾಮಾನು ಮಾಡಿಕೊಡುವ ಎರಕದ ಮನೆಯಾಗಿತ್ತು. 1883ರಲ್ಲಿ ಕುದುರೆಗೆ ನೀರಿಡುವ ತೊಟ್ಟಿಗೆ ಎನಾಮಲ್ ಬಳಿದು ಸ್ನಾನದ ತೊಟ್ಟಿ ಎಂದು ಮಾರಿತು ಎಂಬುದು ಅವರೇ ಹೇಳಿಕೊಳ್ಳುವ ಕಥೆ. ಜನರೇಟರು, ಎಂಜಿನ್ನುಗಳೆಲ್ಲ ಆಮೇಲೆ ಬಂದವು. ನಮ್ಮ ಊರಿಗೆ ತಲುಪಿದ್ದು ಮಾತ್ರ ಸ್ನಾನದ ಮನೆಯ ಕವಲು.

ನನಗೆ ಬೇಕಾಗಿದ್ದದ್ದು ಅವರ ಕೆ-301. ಒಂದೇ ಸಿಲಿಂಡರು, 476 ಸಿಸಿ, ನಿಮಿಷಕ್ಕೆ 3600 ಸುತ್ತಿನಲ್ಲಿ 12 ಅಶ್ವಶಕ್ತಿ, ಪೆಟ್ರೋಲು. ಸಾಸವಡದ ಆಚೆ, ಪುರಂದರ ಕೋಟೆ ಎದುರಿಗೆ ಕಾಣುವ ಇಳಿಜಾರಿನಲ್ಲಿ ನಮ್ಮ ಮಾವನವರು ಎಬ್ಬಿಸಿದ ಅಂಜೂರ, ಸೀತಾಫಲದ ತೋಟವಿದೆ. ಆ ಕಡೆಯ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ನಮ್ಮ ಮಾವನವರ ಪ್ರಕಾರ ಅದಕ್ಕೂ ಮೊದಲೇ ಹಣ್ಣು ಸಿಹಿಯಾಗಿತ್ತು. ತೋಟದ ಕೆಲಸಕ್ಕೆ ಒಂದು ಕೆಂಪು ಗಾರ್ಡನ್ ಟ್ರಾಕ್ಟರ್ ಇದೆ. ವೀಲ್ ಹಾರ್ಸ್ ಸಿ-120, ಕಳೆದ ಶತಮಾನದ ಎಪ್ಪತ್ತರ ದಶಕದ್ದು. ಇಂಡಿಯಾನಾದ ಸೌತ್ ಬೆಂಡ್ ಎಂಬ ಊರಿನಲ್ಲಿ 1946ರಲ್ಲಿ ಒಬ್ಬ ತಂದೆ ಮಗ ಸೇರಿ ಆರಂಭಿಸಿದ ಕಂಪನಿ ಅದು. 1986ರಲ್ಲಿ ಟೋರೋ ಎಂಬ ಇನ್ನೊಂದು ಕಂಪನಿ ಅದನ್ನು ಕೊಂಡುಕೊಂಡಿತು. ಅಮೆರಿಕದವರು ಇದನ್ನು ಹುಲ್ಲು ಕತ್ತರಿಸಲು, ಚಳಿಗಾಲದಲ್ಲಿ ಹಿಮ ತಳ್ಳಲು ಮಾಡಿದ್ದು. ಲೋಣಾವಳೆಯ ಒಂದು ಅತಿಥಿಗೃಹ ಮುಚ್ಚಿದಾಗ ಹರಾಜಿನಲ್ಲಿ ಕೂಗಿ ತಂದವರು ಮಾವನವರು. ಹಿಮವಿಲ್ಲದ, ಹುಲ್ಲುಹಾಸೂ ಇಲ್ಲದ ಕಡೆ ಅದು ಸಾಲುಗಳ ನಡುವೆ ಸಣ್ಣ ಕುಂಟೆ ಎಳೆಯಿತು, ಗೊಬ್ಬರದ ಟ್ರೇಲರ್ ಎಳೆಯಿತು, ಹಣ್ಣಿನ ಕ್ರೇಟುಗಳನ್ನು ರಸ್ತೆಗೆ ತಂದು ಹಾಕಿತು. ದೊಡ್ಡ ಟ್ರಾಕ್ಟರ್ ಆ ಸಾಲುಗಳಲ್ಲಿ ನುಗ್ಗಿದರೆ ಕೊಂಬೆ ಮುರಿಯುವುದು ಖಂಡಿತ.

ಒಂದು ದಿನ ಏರಿನಲ್ಲಿ ಭಾರಿ ಸದ್ದಾಗಿ ನಿಂತಿತು. ಆ ಕಾಲದ ಸಣ್ಣ ಎಂಜಿನ್ನುಗಳಲ್ಲಿ ಎಣ್ಣೆಯ ಪಂಪು ಇರುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ತುದಿಯಲ್ಲಿರುವ ಒಂದು ನಾಲಗೆ ತಳದ ಎಣ್ಣೆಯನ್ನು ಎರಚುತ್ತಿರುತ್ತದೆ. ಆ ಎರಚಲೇ ಒಳಗಿನ ಎಲ್ಲ ಭಾಗಗಳಿಗೂ ಆಹಾರ. ರಾಡು ಅಲ್ಯೂಮಿನಿಯಮ್ಮಿನದು, ಕ್ರ್ಯಾಂಕಿನ ಮೇಲೆ ನೇರವಾಗಿ ಕೂರುತ್ತದೆ, ನಡುವೆ ಬದಲಿಸಬಹುದಾದ ಬೇರಿಂಗ್ ಇಲ್ಲ. ಸಮತಟ್ಟಾದ ಹುಲ್ಲುಹಾಸಿನಲ್ಲಿ ಇದು ದಶಕಗಟ್ಟಲೆ ನಡೆಯುತ್ತದೆ, ನಮ್ಮಲ್ಲೂ ನಡೆಯಿತು. ಆದರೆ ಎಣ್ಣೆ ಸ್ವಲ್ಪ ಕಡಿಮೆಯಾಗಿ, ಗಾಡಿ ಓರೆಯಾಗಿ, ಮೇಲೆ ಹೊರೆಯೂ ಇದ್ದರೆ ನಾಲಗೆಗೆ ಎಣ್ಣೆ ಎಟುಕುವುದಿಲ್ಲ. ರಾಡು ಕಚ್ಚಿಕೊಂಡು ಮುರಿಯಿತು, ಮುರಿದ ತುಂಡು ಬ್ಲಾಕಿನ ಪಕ್ಕೆಗೆ ಬಡಿದು ಕಿಟಕಿ ತೆರೆಯಿತು. ಇಷ್ಟು ವಯಸ್ಸಾದ, ಇಂಥ ಇಳಿಜಾರಿಗೆ ಹುಟ್ಟದ ಯಂತ್ರದ ಮೇಲೆ ದೂರು ಹೇಳುವುದಕ್ಕೆ ಏನಿದೆ? ಬ್ಲಾಕು ಎರಕದ ಕಬ್ಬಿಣದ್ದು. ಬರೀ ಸವೆದಿದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದಿತ್ತು. ನಿಕಲ್ ರಾಡಿನಲ್ಲಿ ಬೆಸುಗೆ ಹಾಕುತ್ತೇನೆ ಎಂದವರೂ ಇದ್ದರು. ಆದರೆ ಒಡಕು ಸಿಲಿಂಡರಿನ ಬುಡದವರೆಗೂ ಹೋಗಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

‘ವೈನಿ, ಅದನ್ನು ಗುಜರಿಗೆ ಹಾಕಿಬಿಡಿ. ಈಗ ಹೊಸದೇ ಬಂದಿವೆ’ ಎಂದು ಮೈದುನ ಫೋನಿನಲ್ಲಿ ಚಿತ್ರ ಕಳಿಸಿದ. ಅವನು ಹೇಳಿದ್ದರಲ್ಲಿ ಹುರುಳಿತ್ತು. 2021ರಲ್ಲಿ ಸ್ವರಾಜ್‌ನವರು ಕೋಡ್ ಎಂಬ ಕಿರಿದಾದ ಟ್ರಾಕ್ಟರ್ ಬಿಟ್ಟಿದ್ದಾರೆ. ಅಗಲ 890 ಮಿಲಿಮೀಟರ್, 389 ಸಿಸಿಯ ಪೆಟ್ರೋಲ್ ಎಂಜಿನ್ನು, 11 ಅಶ್ವಶಕ್ತಿಯ ಆಸುಪಾಸು. ತೋಟಗಾರಿಕೆಗೆಂದೇ ಮಾಡಿದ್ದು. ಹೊಸದಾಗಿ ತೋಟ ಮಾಡುವವರು ಕೇಳಿದರೆ ನಾನು ಅದನ್ನೇ ನೋಡಿ ಎನ್ನುತ್ತೇನೆ. ಆದರೆ ನಮ್ಮದರಲ್ಲಿ ಹೋಗಿದ್ದೇನು? ಎಂಜಿನ್ ಮಾತ್ರ. ಹಿಂದಿನ ಗೇರುಪೆಟ್ಟಿಗೆ ಎರಕದ ಗೂಡಿನಲ್ಲಿ, ತೊಂಬತ್ತು ನಂಬರ್ ಎಣ್ಣೆಯಲ್ಲಿ ಮುಳುಗಿಕೊಂಡು ಆರಾಮವಾಗಿತ್ತು. ಮುಂದಕ್ಕೆ ಆರು ಗೇರು, ಹಿಂದಕ್ಕೆ ಎರಡು, ಎಂಟೂ ಸರಾಗ. ಚಾಸಿ ನೆಟ್ಟಗಿತ್ತು, ಮುಂದಿನ ಆಕ್ಸಲ್ಲಿನ ಪಿನ್ನು ಒಂದಿಷ್ಟು ಸವೆದಿತ್ತು, ಅಷ್ಟೆ.

ಎಂಜಿನ್ ಹೋದರೆ ಗಾಡಿಯ ಪ್ರಾಣವೇ ಹೋಯಿತು ಎಂದು ನಾವು ಮಾತನಾಡುತ್ತೇವೆ. ಕಾರಿನ ಲೋಕದಲ್ಲಿ ಬೆಳೆದವರ ಮಾತು ಅದು. ಹೊಲದ ಲೆಕ್ಕ ಬೇರೆ. ಎತ್ತಿಗೆ ವಯಸ್ಸಾಯಿತೆಂದು ಯಾರೂ ಬಂಡಿಯನ್ನು ಒಲೆಗೆ ಹಾಕುವುದಿಲ್ಲ. ಬೇರೆ ಎತ್ತು ತರುತ್ತಾರೆ, ತರುವ ಮುಂಚೆ ನೊಗದ ಎತ್ತರಕ್ಕೆ ಹೊಂದೀತೇ ಎಂದು ನೋಡುತ್ತಾರೆ. ಗಾರ್ಡನ್ ಟ್ರಾಕ್ಟರಿನಂಥ ಯಂತ್ರಗಳನ್ನು ಕಟ್ಟಿದವರು ಈ ಲೆಕ್ಕದಲ್ಲೇ ಕಟ್ಟಿದ್ದಾರೆ. ಎಂಜಿನ್ ಅವರ ಸ್ವಂತದ್ದೂ ಅಲ್ಲ, ಹೊರಗಿನಿಂದ ಕೊಂಡು ತಂದು ನಾಲ್ಕು ಬೋಲ್ಟಿನ ಮೇಲೆ ಕೂರಿಸಿದ್ದು. ಅದರಿಂದ ಗೇರುಪೆಟ್ಟಿಗೆಗೆ ಹೋಗುವುದು ಒಂದು ರಬ್ಬರ್ ಬೆಲ್ಟು. ಕ್ಲಚ್ ಒತ್ತಿದರೆ ಆ ಬೆಲ್ಟು ಸಡಿಲಾಗುತ್ತದೆ, ಬಿಟ್ಟರೆ ಬಿಗಿಯುತ್ತದೆ. ಇದಕ್ಕಿಂತ ಸಲೀಸಾದ ಜೋಡಣೆ ಇನ್ನೊಂದಿಲ್ಲ.

ಆದ್ದರಿಂದ ಹುಡುಕಾಟ ಶುರುವಾದದ್ದು ಅಂಗಡಿಯಲ್ಲಲ್ಲ, ಧಾಯರಿಯ ಒಂದು ಲೇಥ್ ಶೆಡ್ಡಿನಲ್ಲಿ. ಟರ್ನರ್ ಚಿಕ್ಕೋಡಿ ಕಡೆಯವರು. ಪುಣೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಬೆಳಗಾವಿ ಜಿಲ್ಲೆಯಿಂದ ಲೇಥು, ಮಿಲ್ಲಿಂಗ್ ಕಲಿತು ಬಂದವರು ಭೋಸರಿಯಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ನಾನು ಅಶ್ವಶಕ್ತಿಯ ಮಾತು ತೆಗೆದೆ. ಅವರು ಕೈಯೆತ್ತಿ ತಡೆದರು. ‘ಅಕ್ಕಾ, ಶಕ್ತಿ ಎಲ್ಲಿ ಬೇಕಾದರೂ ಸಿಗುತ್ತದೆ. ಹಳೆಯ ಪುಲ್ಲಿ ಬಿಚ್ಚಿ ತಂದುಕೊಡಿ, ಮೊದಲು ಅದನ್ನು ನೋಡೋಣ.’

ತಂದುಕೊಟ್ಟೆ. ವರ್ನಿಯರ್ ಹಿಡಿದು ಒಳಗಿನ ತೂತು ಅಳೆದು, ‘ಒಂದು ಇಂಚು ಒಂದು ಸೂತ’ ಎಂದರು. ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು; ಇಡೀ ಪುಣೆಯ ವರ್ಕ್‌ಶಾಪುಗಳು ಇಂದಿಗೂ ಮಿಲಿಮೀಟರಿನ ನಕ್ಷೆ ಎದುರಿಗಿಟ್ಟುಕೊಂಡು ಸೂತದಲ್ಲೇ ಮಾತನಾಡುತ್ತವೆ. ಮಿಲಿಮೀಟರಿನಲ್ಲಿ ಅದು 28.58. ಕೆ-301 ಹಲವು ಬಗೆಯ ಶಾಫ್ಟುಗಳಲ್ಲಿ, ಅಂದರೆ ಪುಲ್ಲಿ ಕೂರುವ ತಿರುಗುವ ದಂಡಗಳಲ್ಲಿ, ಬರುತ್ತಿತ್ತು. ನಮ್ಮದು ಇದು.

ಅಲ್ಲಿಂದ ಮುಂದಕ್ಕೆ ನನ್ನ ಪರ್ಸಿನಲ್ಲಿ ಒಂದು ಚೀಟಿ ಇರುತ್ತಿತ್ತು. ಶಾಫ್ಟಿನ ದಪ್ಪ, ಉದ್ದ, ಪುಲ್ಲಿ ಜಾರದಂತೆ ಹಿಡಿಯುವ ಲೋಹದ ಕೀ ಕೂರುವ ಸೀಳಿನ ಅಗಲ. ತಳದಿಂದ ಶಾಫ್ಟಿನ ನಡುವಿಗೆ ಎಷ್ಟು ಎತ್ತರ. ತಳದ ನಾಲ್ಕು ತೂತುಗಳ ನಡುವಿನ ಅಂತರ. ಶಾಫ್ಟ್ ಅಡ್ಡ ಮಲಗಿರಬೇಕು. ಹುಲ್ಲು ಕತ್ತರಿಸುವ ಅಗ್ಗದ ಗಾಡಿಗಳಲ್ಲಿ ಅದು ನೇರ ಕೆಳಗೆ ಇಳಿದಿರುತ್ತದೆ, ನಮಗೆ ಅದು ನಿರುಪಯೋಗಿ. ಶಾಫ್ಟಿನ ಕಡೆಯಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ಸುತ್ತಬೇಕು. ಇದನ್ನು ಹೇಳಿದಾಗ ಜನ ನಗುತ್ತಿದ್ದರು. ಆದರೆ ತಿರುಗುವ ದಿಕ್ಕು ತಪ್ಪಿದರೆ ಟ್ರಾಕ್ಟರಿಗೆ ಹಿಂದಕ್ಕೆ ಆರು ಗೇರು, ಮುಂದಕ್ಕೆ ಎರಡು ಗೇರು ಸಿಗುತ್ತವೆ. ಅಶ್ವಶಕ್ತಿ ಆ ಚೀಟಿಯ ಕೊನೆಯ ಸಾಲಿನಲ್ಲಿತ್ತು, ಒಂಬತ್ತರಿಂದ ಹದಿಮೂರರವರೆಗೆ ಯಾವುದಾದರೂ ಸರಿ ಎಂದು.

ಮಾವನವರದ್ದು ಮಾತ್ರ ಒಂದೇ ಹಟ: ಕಿರ್ಲೋಸ್ಕರ್ ಡೀಸೆಲ್. ಈ ಹಟದ ಹಿಂದೆ ಊರಿನ ಅಭಿಮಾನವೂ ಇದೆ, ಅದು ನನಗೂ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದು ಸವದತ್ತಿ ತಾಲೂಕು. ನನ್ನ ತವರೂ ಅದೇ ತಾಲೂಕು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರಂತೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಪುಣೆಯ ಖಡಕಿಯ ಆಯಿಲ್ ಎಂಜಿನ್ಸ್ 1946ರದ್ದು. ಅಂದರೆ ವೀಲ್ ಹಾರ್ಸ್ ಕಂಪನಿಯಷ್ಟೇ ವಯಸ್ಸು. ನಮ್ಮ ತವರಿನ ಬಾವಿಯ ಮೇಲೆ ಅವರದೇ ಎಂಜಿನ್ ಇತ್ತು. ನೀರಿನ ಪಾಳಿಯ ದಿನಗಳಲ್ಲಿ ಅದರ ಸದ್ದು ನಿಂತಿತೆಂದರೆ ಮನೆಯವರೆಲ್ಲ ಊಟ ಬಿಟ್ಟು ಏಳುತ್ತಿದ್ದರು.

ಹಟ ಹಿಡಿದವರಿಗೆ ಉತ್ತರ ಕೊಡಬೇಕೆಂದರೆ ಲೆಕ್ಕ ಮಾಡಬೇಕು. ಮಾಡಿದಾಗ ನನಗೇ ಅಚ್ಚರಿಯಾಯಿತು. ಕಿರ್ಲೋಸ್ಕರರ ಟಿವಿ-1 ಎಂಬ ಎಂಜಿನ್, 661 ಸಿಸಿಯದು, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಹಳ ಕಡೆ ನಿಂತಿರುವ ಎಂಜಿನ್ನು. 1500 ಸುತ್ತಿನಲ್ಲಿ 5.2 ಕಿಲೋವ್ಯಾಟ್, ಅಂದರೆ ಏಳು ಅಶ್ವಶಕ್ತಿ. ನಮ್ಮ ಹಳೆಯದು ಹನ್ನೆರಡು. ಏಳಕ್ಕಿಂತ ಹನ್ನೆರಡು ದೊಡ್ಡದು ಎಂದು ಯಾರಾದರೂ ಹೇಳುತ್ತಾರೆ. ಆದರೆ ಶಾಫ್ಟನ್ನು ತಿರುಚುವ ಬಲ ನೋಡಿದರೆ ಡೀಸೆಲ್ಲಿನದು 33 ನ್ಯೂಟನ್ ಮೀಟರ್, ಪೆಟ್ರೋಲಿನದು ಅದರ 3600 ಸುತ್ತಿನಲ್ಲಿ 24ಕ್ಕೂ ಒಂದಿಷ್ಟು ಕಡಿಮೆ. ಏಳು ಹನ್ನೆರಡನ್ನು ಸೋಲಿಸುತ್ತದೆ. ಅದೇ ಶಕ್ತಿಗೆ ಸುತ್ತು ಕಡಿಮೆಯಾದಷ್ಟೂ ಪ್ರತಿ ಸುತ್ತಿನಲ್ಲಿ ಹೆಚ್ಚು ಬಲ ಇರಲೇಬೇಕಲ್ಲ. ಮಾವನವರು ಇದನ್ನು ಕೇಳಿ ಬೀಗಿದರು.

ಬೀಗಿದ್ದು ಬಹಳ ಹೊತ್ತು ಉಳಿಯಲಿಲ್ಲ. ಗೇರುಪೆಟ್ಟಿಗೆಗೆ ಬೇಕಾಗಿರುವುದು 3600ರ ವೇಗ. 1500ರ ಎಂಜಿನ್ ಕೂರಿಸಿದರೆ ಪ್ರತಿ ಗೇರಿನಲ್ಲೂ ಗಾಡಿಯ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸರಿದೂಗಿಸಬೇಕಾದರೆ ಎಂಜಿನ್ನಿನ ಪುಲ್ಲಿಯನ್ನು 2.4 ಪಟ್ಟು ದೊಡ್ಡದು ಮಾಡಬೇಕು. ನಾಲ್ಕಿಂಚಿನದು ಒಂಬತ್ತೂವರೆ ಇಂಚು ದಾಟುತ್ತದೆ, ಚಾಸಿಯ ನಡುವೆ ಅಷ್ಟು ಜಾಗವಿಲ್ಲ. ಪುಲ್ಲಿ ದೊಡ್ಡದು ಮಾಡಿದೊಡನೆ ಗೆದ್ದ ಬಲವೂ ಅಲ್ಲೇ ಖರ್ಚಾಗಿಹೋಗುತ್ತದೆ. ಮೇಲಾಗಿ ಆ ಎಂಜಿನ್ನು ಕಾಂಕ್ರೀಟಿನ ಕಟ್ಟೆಯ ಮೇಲೆ ನಿಲ್ಲಲು ಹುಟ್ಟಿದ್ದು. ಅದರ ಫ್ಲೈವೀಲನ್ನೇ ಇಬ್ಬರು ಉಸಿರು ಬಿಗಿಹಿಡಿದು ಎತ್ತಬೇಕು. ಪತ್ತಿ ಬಾಗಿಸಿ ಮಾಡಿದ ನಮ್ಮ ಚಾಸಿಗೆ ಆ ಅದುರಾಟ ತಡೆಯುವುದಿಲ್ಲ. ಕಾಗದದ ಮೇಲೆ ಇಷ್ಟನ್ನೂ ಬರೆದು ತೋರಿಸಿದೆ. ಮಾವನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ಗುಣಾಕಾರ ಸರಿ ಇದೆ’ ಎಂದಷ್ಟೇ ಹೇಳಿದರು.

ಪವರ್ ಟಿಲ್ಲರಿನ ಎಂಜಿನ್ ನೋಡಿದೆವು. ಬೆಂಗಳೂರಿನ ವಿಎಸ್‌ಟಿಯ 130 ಡಿಐ ಕೊಂಕಣದ ಭತ್ತದ ಗದ್ದೆಗಳಲ್ಲಿ ಬೇಕಾದಷ್ಟಿದೆ; ಹದಿಮೂರು ಅಶ್ವಶಕ್ತಿ, 2400 ಸುತ್ತು, ನೀರಿನ ತಂಪು. ಬಲವೂ ವೇಗವೂ ಮಧ್ಯಮ. ಆದರೆ ಮಲಗಿದ ಸಿಲಿಂಡರಿನಿಂದಾಗಿ ಉದ್ದ ಬಹಳ. ಬಾನೆಟ್ಟಿನೊಳಗೆ ಇಟ್ಟರೆ ಸ್ಟಿಯರಿಂಗ್ ಕೋಲಿಗೆ ದಾರಿಯಿಲ್ಲ.

ಆಪೆ ರಿಕ್ಷಾದ ಡೀಸೆಲ್ ಎಂಜಿನ್ ಹಾಕಿ ಎಂದವರು ಹಲವರು. ಆಪೆ ತಯಾರಾಗುವುದು ಇಲ್ಲೇ ನಮ್ಮ ಜಿಲ್ಲೆಯ ಬಾರಾಮತಿಯಲ್ಲಿ. ಅದರಲ್ಲಿ ಬರುತ್ತಿದ್ದ ಗ್ರೀವ್ಸ್‌ನ ನಾನೂರು ಸಿಸಿ ಆಸುಪಾಸಿನ ಎಂಜಿನ್ನು ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ, ಬಿಡಿಭಾಗ ಹಳ್ಳಿಯಲ್ಲೂ ಸಿಗುತ್ತದೆ. ಗ್ರೀವ್ಸ್ ಒಂದು ಕಾಲಕ್ಕೆ ಇಟಲಿಯ ಲೊಂಬಾರ್ದಿನಿಯ ಪರವಾನಗಿ ಪಡೆದು ಸಣ್ಣ ಡೀಸೆಲ್ ಎಂಜಿನ್ ಮಾಡಿದ ಕಂಪನಿ. ಆ ಲೊಂಬಾರ್ದಿನಿಯನ್ನು 2007ರಲ್ಲಿ ಕೊಂಡವರು ಯಾರು ಗೊತ್ತೇ? ಕೋಹ್ಲರ್. ಹೀಗೆ ಸುತ್ತಿ ಬಳಸಿ ನಾನು ಹುಡುಕುತ್ತಿದ್ದ ಹೆಸರಿನ ಪಕ್ಕದಲ್ಲೇ ನಿಂತಿದ್ದೆ! ಆದರೆ ರಿಕ್ಷಾದ ಎಂಜಿನ್ನಿಗೆ ಬರಿಯ ಶಾಫ್ಟ್ ಹೊರಗೆ ಚಾಚಿರುವುದಿಲ್ಲ. ಅದು ಕ್ಲಚ್ಚಿಗೂ ಗೇರುಪೆಟ್ಟಿಗೆಗೂ ಹೊಂದಿಕೊಂಡೇ ಬರುತ್ತದೆ. ಶಾಫ್ಟ್ ಹೊಸದಾಗಿ ಮಾಡಿ ಜೋಡಿಸಬಹುದು ಎಂದರು ಟರ್ನರ್, ಆದರೆ ಹೇಳುವಾಗ ಅವರ ದನಿಯಲ್ಲಿ ಉತ್ಸಾಹವಿರಲಿಲ್ಲ. ಕೈ ಕೆಲಸ ಮಾಡುವವರು ಉತ್ಸಾಹವಿಲ್ಲದೆ ‘ಆಗುತ್ತದೆ’ ಎಂದರೆ ಆಗುವುದಿಲ್ಲ ಎಂದೇ ತಿಳಿಯಬೇಕು.

ಪುಣೆಯಲ್ಲಿ ಹಳೆಯ ಯಂತ್ರದ ಸಾಮಾನು ಹುಡುಕುವವರಿಗೆ ಗೊತ್ತಿರುವ ಜಾಗಗಳು ಇವೇ. ನಾನಾ ಪೇಟೆಯಲ್ಲಿ ವಾಹನಗಳ ಬಿಡಿಭಾಗ. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಬೋಲ್ಟು, ಕೀ, ಕೈ ಹತ್ಯಾರು. ಬುಧವಾರ ಮತ್ತು ಭಾನುವಾರ ಕುಂಭಾರವೇಸಿನ ಬಳಿ ಸೇರುವ ಜೂನಾ ಬಾಜಾರಿನಲ್ಲಿ ನೆಲದ ಮೇಲೆ ಹಾಸಿದ ಗೋಣಿಯಲ್ಲಿ ಏನಿದೆ ಏನಿಲ್ಲ ಎಂದು ಹೇಳಲಾಗುವುದಿಲ್ಲ. ಅಲ್ಲಿ ನನಗೆ ಅಸಲಿ ಇಂಚಿನ ಅಳತೆಯ ಸ್ಪ್ಯಾನರುಗಳ ಒಂದು ಜೊತೆ ಸಿಕ್ಕಿತು, ಎಂಜಿನ್ ಸಿಗಲಿಲ್ಲ. ಎಂಜಿನ್ನಿಗೆ ಹೋಗಬೇಕಾದದ್ದು ಚಿಖಲಿ ಪಕ್ಕದ ಕುದಳವಾಡಿಗೆ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಂದ ಹೊರಬಿದ್ದದ್ದೆಲ್ಲ ಆ ಶೆಡ್ಡುಗಳಲ್ಲಿ ಗುಡ್ಡೆ ಬೀಳುತ್ತಿತ್ತು. 2025ರ ಫೆಬ್ರುವರಿಯಲ್ಲಿ ಮಹಾನಗರಪಾಲಿಕೆ ಅಲ್ಲಿನ ಸಾವಿರಾರು ಕಟ್ಟಡಗಳನ್ನು ಕೆಡವಿತು. ಅನಧಿಕೃತ ಎಂಬುದು ಕಾರಣ. ಕಾನೂನಿನ ಲೆಕ್ಕ ನನಗೆ ಬೇಡ. ಆದರೆ ಬಳಸಿದ ಯಂತ್ರವೊಂದು ಇನ್ನೊಬ್ಬರ ಕೈಸೇರುವ ಮೊದಲು ನಾಲ್ಕು ದಿನ ತಂಗುವ ಜಾಗ ಅದು, ಅದಿಲ್ಲದಿದ್ದರೆ ಎಲ್ಲವೂ ನೇರ ಕರಗುವ ಕುಲುಮೆಗೆ ಹೋಗುತ್ತದೆ. ಗುಜರಿಯವರು ಚದುರಿಹೋಗಿದ್ದರು. ಯಾರು ಎಲ್ಲಿಗೆ ಹೋದರು ಎಂದು ಕೇಳಿಕೊಂಡು ಅಲೆಯಬೇಕಾಯಿತು.

ಹೊಸ ಎಂಜಿನ್ನಿನ ಅಂಗಡಿಗಳಲ್ಲಿ ಕಂಡದ್ದು 188ಎಫ್. ಹೋಂಡಾದ ಜಿಎಕ್ಸ್390ರ ಚೀನೀ ನಕಲು; ಸಿಲಿಂಡರಿನ ವ್ಯಾಸ 88 ಮಿಲಿಮೀಟರಾದ್ದರಿಂದ ಆ ಅಂಕಿ. ಪವರ್ ವೀಡರುಗಳಿಗೆ ಹತ್ತಾರು ಹೆಸರಿನಲ್ಲಿ ಅದನ್ನೇ ಕಟ್ಟಿ ಮಾರುತ್ತಾರೆ. ‘ಹೋಂಡಾ ತರಹದ್ದೇ, ಬಾಯಿ’ ಎಂದರು ಅಂಗಡಿಯವರು. ನಾನು ವರ್ನಿಯರ್ ತೆಗೆದೆ. ಶಾಫ್ಟು 25 ಮಿಲಿಮೀಟರ್. ‘ಇಂಚಿನದು ಬೇಕಿತ್ತು’ ಎಂದೆ. ‘ಎರಡೂ ಒಂದೇ’ ಎಂದರು. ಒಂದಲ್ಲ. ಒಂದು ಇಂಚು ಎಂದರೆ 25.4. ಈ 0.4 ಮಿಲಿಮೀಟರಿನ ಸಡಿಲಿನಲ್ಲಿ ಪುಲ್ಲಿ ಮೊದಲ ದಿನ ಚೆನ್ನಾಗಿಯೇ ತಿರುಗುತ್ತದೆ. ಆಮೇಲೆ ಅಲುಗತೊಡಗುತ್ತದೆ, ಕೀಯ ಅಂಚು ಸವೆಯುತ್ತದೆ, ಅದು ಕೂರುವ ಸೀಳು ಅಗಲವಾಗುತ್ತದೆ, ಕೊನೆಗೆ ಶಾಫ್ಟೇ ಹಾಳಾಗುತ್ತದೆ. ಅಸಲಿ ಜಿಎಕ್ಸ್390 ಎರಡೂ ಅಳತೆಯಲ್ಲಿ ಬರುತ್ತದೆ, ಆದ್ದರಿಂದ ಹೋಂಡಾ ಎಂದು ಕೇಳಿ ಕೊಂಡರೆ ಸಾಲದು, ಅಳೆದೇ ಕೊಳ್ಳಬೇಕು.

ಕೊನೆಗೆ ಸಿಕ್ಕಿದ್ದು ರಸ್ತೆಯ ಕಾಂಕ್ರೀಟ್ ಕತ್ತರಿಸುವ ಯಂತ್ರದಿಂದ ಬಿಚ್ಚಿಟ್ಟ ಒಂದು ಜಿಎಕ್ಸ್390. 389 ಸಿಸಿ, 3600 ಸುತ್ತಿನಲ್ಲಿ 11.7 ಅಶ್ವಶಕ್ತಿ, ಶಾಫ್ಟು ಸರಿಯಾಗಿ ಒಂದು ಇಂಚು. ಮೈದುನ ತೋರಿಸಿದ್ದ ಹೊಸ ಟ್ರಾಕ್ಟರಿನ ಎಂಜಿನ್ನೂ 389 ಸಿಸಿಯದೇ ಎಂಬುದು ನೆನಪಾಗಿ ಧೈರ್ಯ ಬಂತು. ಆದರೆ ಕಾಂಕ್ರೀಟ್ ಕತ್ತರಿಸಿದ ಎಂಜಿನ್ನೆಂದರೆ ಅದರ ಎದೆಯಲ್ಲಿ ಸಿಮೆಂಟಿನ ಪುಡಿ ಇರುವ ಭಯ. ಟರ್ನರ್ ನನ್ನ ಜೊತೆ ಬಂದರು. ಹಗ್ಗ ಎಳೆದು ಬಿಗಿ ಪರೀಕ್ಷಿಸಲು ಹೋದ ನನ್ನನ್ನು ತಡೆದರು: ಈ ಎಂಜಿನ್ನಿನಲ್ಲಿ ಚಾಲೂ ಮಾಡಲು ಸುಲಭವಾಗಲೆಂದು ವಾಲ್ವು ತಾನಾಗಿ ಒಂದಿಷ್ಟು ತೆರೆದುಕೊಳ್ಳುವ ವ್ಯವಸ್ಥೆ ಇದೆ, ಕೈಯ ಅಂದಾಜು ಮೋಸ ಮಾಡುತ್ತದೆ. ಬದಲಿಗೆ ಏರ್‌ಫಿಲ್ಟರ್ ತೆಗೆದು, ಅದರ ಹಿಂದಿನ ದಾರಿಯಲ್ಲಿ ಬೆರಳು ಆಡಿಸಿದರು. ಫಿಲ್ಟರಿನ ಹೊರಗೆ ಬೂದಿ ಬಣ್ಣದ ಹುಡಿ ದಪ್ಪವಾಗಿ ಕೂತಿತ್ತು. ಒಳಗೆ ಬೆರಳಿಗೆ ಏನೂ ಅಂಟಲಿಲ್ಲ. ಯಾರೋ ಪುಣ್ಯಾತ್ಮರು ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿದ್ದರು. ಚಾಲೂ ಮಾಡಿ, ಬಿಸಿಯಾದ ಮೇಲೆ ಎಣ್ಣೆಯ ಮುಚ್ಚಳ ತೆಗೆದು ಹೊಗೆ ನೋಡಿದರು. ಶಾಫ್ಟು ಬಾಗಿದೆಯೇ ಎಂದು ನೋಡಲು ಡಯಲ್ ಗೇಜ್ ಇಟ್ಟು ಅದನ್ನು ಕೈಯಲ್ಲಿ ತಿರುಗಿಸಿದರು. ಮುಳ್ಳು ಕದಲಿದ್ದು ಕಡಿಮೆ. ಬೆಲೆಯ ಚೌಕಾಶಿಯನ್ನು ನನಗೆ ಬಿಟ್ಟು ಚಹಾ ಕುಡಿಯಲು ಹೋದರು.

ಈಗ ಒಂದು ಇಂಚಿನ ಶಾಫ್ಟು, ಒಂದು ಇಂಚು ಒಂದು ಸೂತದ ಪುಲ್ಲಿ. ನಡುವೆ ತೆಳು ಬಳೆಯಂಥ ಬುಷ್ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಅಮೆರಿಕದಲ್ಲಿ ಇದಕ್ಕೆ ತಯಾರಿ ಬುಷ್‌ಗಳೇ ಸಿಗುತ್ತವೆ. ಟರ್ನರ್ ಒಪ್ಪಲಿಲ್ಲ. ಬುಷ್‌ನ ಗೋಡೆ 1.6 ಮಿಲಿಮೀಟರ್ ಕೂಡ ಇರುವುದಿಲ್ಲ, ಅದರಲ್ಲಿ ಕೀಗೆ ಕಾಲು ಇಂಚಿನ ಸೀಳು ಬೇರೆ. ‘ನಿಲ್ಲುತ್ತದೆ. ಆದರೆ ನನಗೆ ನಿದ್ದೆ ಬರುವುದಿಲ್ಲ. ಪುಲ್ಲಿಯನ್ನೇ ಹೊಸದಾಗಿ ತೆಗೆಯೋಣ’ ಎಂದರು.

ಅವರು ಪುಲ್ಲಿ ಮಾಡುವುದನ್ನು ಸ್ಟೂಲ್ ಹಾಕಿಕೊಂಡು ನೋಡಿದೆ. ಎರಕದ ಕಬ್ಬಿಣದ ಗಟ್ಟಿ, ಕತ್ತರಿಸುವಾಗ ಕಪ್ಪು ಪುಡಿಯಾಗಿ ಉದುರುತ್ತದೆ, ಉಕ್ಕಿನ ಹಾಗೆ ಸುರುಳಿ ಬರುವುದಿಲ್ಲ. ಬೆಲ್ಟಿನ ಎರಡು ಬದಿಗಳ ನಡುವಿನ ಕೋನ 40 ಡಿಗ್ರಿ. ಆದರೆ ಪುಲ್ಲಿಯ ಕಾಲುವೆಯನ್ನು ಅವರು 34 ಡಿಗ್ರಿಗೆ ಕತ್ತರಿಸಿದರು. ಏಕೆಂದು ಕೇಳಿದೆ. ಸಣ್ಣ ಪುಲ್ಲಿಯ ಮೇಲೆ ಬೆಲ್ಟು ಬಾಗಿದಾಗ ಅದರ ಒಳಮೈ ಉಬ್ಬಿ ಬದಿಗಳ ಕೋನ ಕಿರಿದಾಗುತ್ತದೆ. ಕಾಲುವೆಯೂ ಅಷ್ಟೇ ಕಿರಿದಾಗಿದ್ದರೆ ಮಾತ್ರ ಎರಡೂ ಬದಿಗೆ ಪೂರ್ತಿ ಹಿಡಿತ. ಬೆಲ್ಟು ತಳ ಮುಟ್ಟಬಾರದು, ಮುಟ್ಟಿದರೆ ಜಾರುತ್ತದೆ. ನಾನು ಇಷ್ಟು ವರ್ಷ ಬೆಲ್ಟಿನ ಹೊರೆ ತಳದ ಮೇಲೆ ಬೀಳುತ್ತದೆಂದೇ ತಿಳಿದಿದ್ದೆ. ಹಳೆಯ ಬೆಲ್ಟಿನ ಜಾಗಕ್ಕೆ ನಮ್ಮ ಮಾರುಕಟ್ಟೆಯ ಬಿ ಸೆಕ್ಷನ್ ಬೆಲ್ಟು ಸರಿಹೋಯಿತು. ಮೇಲಗಲ 17 ಮಿಲಿಮೀಟರ್, ಹಿಟ್ಟಿನ ಗಿರಣಿಗೂ ಅದನ್ನೇ ಹಾಕುತ್ತಾರೆ. ಪುಲ್ಲಿ ಶಾಫ್ಟಿನ ಮೇಲೆ ಅಂಗೈ ಒತ್ತಿಗೆ ಕೂತಿತು.

ಉಳಿದದ್ದು ಜೋಡಣೆಯ ಕೆಲಸ. ಹೊಸ ಎಂಜಿನ್ನಿನ ಶಾಫ್ಟು ತಗ್ಗಿನಲ್ಲಿದೆ, ಆದ್ದರಿಂದ ಕೆಳಗೆ ಪ್ಲೇಟು; ತೂತುಗಳೂ ಹೊಂದುವುದಿಲ್ಲ, ಆದ್ದರಿಂದ ಅದೇ ಪ್ಲೇಟಿನಲ್ಲಿ ಎರಡು ಜೊತೆ ತೂತು. ಹೋಂಡಾದ ಪೆಟ್ರೋಲ್ ಟ್ಯಾಂಕು ತಲೆಯ ಮೇಲೆ ಕೂರುವುದರಿಂದ ಬಾನೆಟ್ ಮುಚ್ಚಲಿಲ್ಲ. ಟ್ಯಾಂಕು ತೆಗೆದು ಹಳೆಯದಕ್ಕೇ ಕೊಳವೆ ಜೋಡಿಸಿದ್ದಾಯಿತು. ಸೈಲೆನ್ಸರ್ ಬಾನೆಟ್ಟಿನ ಪಕ್ಕೆಗೆ ಮುಖ ಮಾಡಿತ್ತು, ಅಲ್ಲಿ ಒಂದು ಕಿಟಕಿ ಕತ್ತರಿಸಿದೆವು. ಕೆಂಪು ಬಣ್ಣದ ಆ ತಗಡನ್ನು ಕತ್ತರಿಸುವಾಗ ಮಾವನವರು ಹೊರಗೆ ಹೋಗಿ ಮಾವಿನ ಗಿಡಕ್ಕೆ ನೀರು ಹಾಕುತ್ತ ನಿಂತಿದ್ದರು.

ತಂತಿಯ ವಿಷಯದಲ್ಲಿ ಎಲೆಕ್ಟ್ರಿಷಿಯನ್ ಎಚ್ಚರ ಹೇಳಿದ್ದು ಉಪಯೋಗಕ್ಕೆ ಬಂತು. ಬೇರೆಯವರು ಇಂಥ ಕೆಲಸಕ್ಕೆ ಇಳಿದರೆ ಇದೊಂದನ್ನು ನೆನಪಿಡಬೇಕು. ಹಳೆಯ ಎಂಜಿನ್ನಿನಲ್ಲಿ ಬೀಗದ ಕೈ ತಿರುಗಿಸಿದರೆ ಬ್ಯಾಟರಿಯ 12 ವೋಲ್ಟ್ ಕಾಯಿಲಿಗೆ ಹೋಗುತ್ತದೆ, ಆಗ ಕಿಡಿ ಹುಟ್ಟುತ್ತದೆ. ಹೋಂಡಾದ್ದು ತಲೆಕೆಳಗು. ಅದು ಫ್ಲೈವೀಲಿನ ಅಯಸ್ಕಾಂತದಿಂದ ತನ್ನ ಕಿಡಿ ತಾನೇ ಹುಟ್ಟಿಸಿಕೊಳ್ಳುತ್ತದೆ. ನಿಲ್ಲಿಸಬೇಕೆಂದರೆ ಅದರ ಕಾಯಿಲಿನ ತಂತಿಯನ್ನು ಚಾಸಿಗೆ ಮುಟ್ಟಿಸಬೇಕು. ಹಳೆಯ ತಂತಿಯನ್ನು ಹಾಗೇ ಎಳೆದು ಜೋಡಿಸಿದರೆ ಬ್ಯಾಟರಿ ನೇರ ಹೋಗಿ ಕಾಯಿಲನ್ನು ಸುಟ್ಟುಹಾಕುತ್ತದೆ. ಸ್ವಿಚ್ಚನ್ನೇ ಬದಲಿಸಿದೆವು.

ಗಾಡಿ ಈಗ ಓಡುತ್ತಿದೆ. ಹಳೆಯದರ ಗಂಟಲು ದಪ್ಪವಿತ್ತು, ಇದರದು ತೆಳು. ರಸ್ತೆಯಲ್ಲಿ ಹೋಗುವವರು ತೋಟದಲ್ಲಿ ಕಾಂಕ್ರೀಟ್ ಹಾಕಿಸುತ್ತಿದ್ದೀರಾ ಎಂದು ಕೇಳಿದ್ದುಂಟು. ಪೆಟ್ರೋಲು ಕಡಿಮೆ ಕುಡಿಯುತ್ತದೆ, ಮೇಲಿನ ವಾಲ್ವುಗಳ ಎಂಜಿನ್ನಲ್ಲವೇ. ಆದರೆ ಎರಕದ ಕಬ್ಬಿಣದ ಜಾಗದಲ್ಲಿ ಮೂವತ್ತೊಂದು ಕಿಲೋ ಆಸುಪಾಸಿನ ಅಲ್ಯೂಮಿನಿಯಂ ಬಂದು ಮುಂಭಾಗ ಹಗುರಾಗಿದೆ. ತುಂಬಿದ ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಸ್ಟಿಯರಿಂಗ್ ಮಾತು ಕೇಳುತ್ತಿರಲಿಲ್ಲ. ಮುಚ್ಚಿದ ಕಿರಾಣಿ ಅಂಗಡಿಯವರಿಂದ ಹಳೆಯ ತೂಕದ ಕಲ್ಲುಗಳನ್ನು ತಂದು ಮುಂದಿನ ಬಂಪರಿಗೆ ಬಿಗಿದ ಮೇಲೆ ಸರಿಹೋಯಿತು.

ಒಂದು ತಕರಾರು ಮಾತ್ರ ಇನ್ನೂ ನಡೆಯುತ್ತಿದೆ. ಈ ಎಂಜಿನ್ನಿಗೂ ಎಣ್ಣೆಯ ಪಂಪಿಲ್ಲ, ಇದೂ ಎರಚುವ ಜಾತಿಯದೇ. ಆದರೆ ತಳದಲ್ಲಿ ಒಂದು ತೇಲುಗುಂಡು ಇದೆ. ಒಳಗಿರುವುದು ಒಟ್ಟು 1.1 ಲೀಟರ್ ಎಣ್ಣೆ. ಮಟ್ಟ ಇಳಿದರೆ ಅಥವಾ ಗಾಡಿ ಬಹಳ ಓರೆಯಾದರೆ ಅದು ಕಿಡಿ ಕಡಿದು ಎಂಜಿನ್ ನಿಲ್ಲಿಸಿಬಿಡುತ್ತದೆ. 20 ಡಿಗ್ರಿಗಿಂತ ಹೆಚ್ಚು ವಾಲಿಸಬೇಡಿ ಎನ್ನುತ್ತದೆ ಕೈಪಿಡಿ. ನಮ್ಮ ಮೇಲಿನ ಎರಡು ಸಾಲು ಸೀತಾಫಲ ಇರುವುದು ಸರಿಯಾಗಿ ಅಂಥ ಕಡಿದಾದ ಜಾಗದಲ್ಲಿ, ಹಳೆಯ ಎಂಜಿನ್ ಮುರಿದುಕೊಂಡದ್ದೂ ಅಲ್ಲೇ. ಅಲ್ಲಿಗೆ ಹೋದೊಡನೆ ಇದು ಕೆಮ್ಮಿ ನಿಲ್ಲುತ್ತದೆ. ತೋಟ ನೋಡಿಕೊಳ್ಳುವ ಮಾಳಿಯವನಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಆ ತೇಲುಗುಂಡಿನ ಹಳದಿ ತಂತಿ ಕಿತ್ತರೆ ತೊಂದರೆ ಇರುವುದಿಲ್ಲವೆಂದು. ಮಾವನವರೂ ಅವನ ಪಕ್ಷ. ‘ಯಂತ್ರ ನಮ್ಮ ಮಾತು ಕೇಳಬೇಕೋ, ನಾವು ಯಂತ್ರದ ಮಾತು ಕೇಳಬೇಕೋ?’ ಎನ್ನುತ್ತಾರೆ. ನಾನು ಆ ಹಳದಿ ತಂತಿಯ ಜೋಡಣೆಯ ಮೇಲೆ ಟೇಪು ಸುತ್ತಿ, ಅದರ ಮೇಲೆ ತಾರೀಕು ಬರೆದಿಟ್ಟಿದ್ದೇನೆ. ಬಿಚ್ಚಿದರೆ ಗೊತ್ತಾಗುತ್ತದೆ. ಸದ್ಯಕ್ಕೆ ಆ ಎರಡು ಸಾಲಿಗೆ ಗೊಬ್ಬರ ಬುಟ್ಟಿಯಲ್ಲಿ ಹೋಗುತ್ತಿದೆ, ಮಾಳಿ ಪ್ರತಿ ಬುಟ್ಟಿಗೂ ನನ್ನ ಕಡೆ ಒಮ್ಮೆ ನೋಡಿಯೇ ಎತ್ತುತ್ತಾನೆ.